ಎರೆ ರಾಡಿಯಿಂದ ಹಿಮದ ಘಾಟಿಗೆ: ಹಿಂದಿನ ಗಾಲಿ ತಳ್ಳುವ ಗಾಡಿ ಓಡಿಸುವ ಬಗೆ

ಸಿರುಗುಪ್ಪದ ಕಡೆ ರಾತ್ರಿ ಮಳೆ ಹೊಡೆದು, ಬೆಳಿಗ್ಗೆ ಹೊಲದ ದಾರಿಗೆ ಬೊಲೆರೊ ಇಳಿಸಿದವರಿಗೆ ಹಿಮದ ಅರ್ಧ ಪಾಠ ಆಗಲೇ ಆಗಿರುತ್ತದೆ. ಸ್ಟೇರಿಂಗ್ ಒಂದು ಕಡೆ ತಿರುಗಿರುತ್ತದೆ, ಗಾಡಿಯ ಹಿಂಭಾಗ ಇನ್ನೊಂದು ಕಡೆ ಹೊರಟಿರುತ್ತದೆ. ಬ್ರೇಕ್ ಒತ್ತಿದರೆ ನಾಲ್ಕೂ ಗಾಲಿ ನಿಲ್ಲುತ್ತವೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬಿದ ಮೇಲೆ ಟೈರಿಗೂ ನೆಲಕ್ಕೂ ನಡುವೆ ಬೆಣ್ಣೆ ಸವರಿದ ಹಾಗೆ. ಹಿಮಾಚಲದಲ್ಲಿ ಹಿಮ ಬಿದ್ದ ಘಾಟೂ ಹೀಗೇ ಶುರುವಾಗುತ್ತದೆ.

ಉಳಿದರ್ಧ ಬೇರೆ. ನಮ್ಮ ಕಡೆಯ ಡ್ರೈವರ್‌ಗಳು ಎಡವುವುದೇ ಅಲ್ಲಿ, ನಾನೂ ಎಡವಿದವನೇ. ರಾಡಿಯಲ್ಲಿ ಗಾಡಿ ಕುಂತರೆ ರೇಸ್ ಕೊಟ್ಟು ಎಬ್ಬಿಸುವುದು ನಮಗೆ ರೂಢಿ. ಎರೆಯಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಟೈರ್ ಕೆರೆದು ಕೆರೆದು ಕೆಳಗಿನ ಗಟ್ಟಿ ಪದರಕ್ಕೆ ತಾಗುತ್ತದೆ, ಬಟನ್ ಅನ್ನುವ ಟೈರಿನ ಉಬ್ಬುಗಳ ಸಂದಿಗೆ ಮೆತ್ತಿದ ಮಣ್ಣೂ ಸಿಡಿದು ಹೋಗುತ್ತದೆ. ಐಸ್ ಮೇಲೆ ಕೆರೆಯುವುದಕ್ಕೆ ಏನಿದೆ? ಗಾಲಿ ಗಿರಗಿರ ತಿರುಗಿದಷ್ಟೂ ಅದರ ಕಾವಿಗೆ ಮೇಲ್ಪದರ ಕರಗಿ, ನೆಲ ಇನ್ನಷ್ಟು ನುಣುಪಾಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಸ್ವಂತ ಗಾಡಿಯಲ್ಲಿ ಸುಮಾರು 2,400 ಕಿ.ಮೀ. ದಾಟಿ ಚಳಿಗಾಲದ ಮನಾಲಿಗೆ ಹೊರಡುವವರು ಎರೆಯಿಂದ ಏನನ್ನು ಒಯ್ಯಬೇಕು, ಏನನ್ನು ಮನೆಯಲ್ಲೇ ಬಿಟ್ಟು ಹೋಗಬೇಕು ಎಂಬ ಲೆಕ್ಕ ಇದು.

ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ

ನಿಮ್ಮ ಗಾಡಿಯನ್ನು ಯಾವ ಗಾಲಿ ನಡೆಸುತ್ತದೆ ಎಂದು ಕೇಳಿದರೆ ಎಷ್ಟೋ ಮಂದಿ ತಡಬಡಾಯಿಸುತ್ತಾರೆ. ಹಿಂದಿನ ಎರಡು ಗಾಲಿಗಳ ನಡುವಿನ ಕಬ್ಬಿಣದ ಹೌಸಿಂಗ್ ಮಧ್ಯೆ ಗುಂಡಗೆ ಉಬ್ಬಿದ ಕ್ರೌನ್, ಅಂದರೆ ಶಕ್ತಿಯನ್ನು ಎರಡೂ ಗಾಲಿಗೆ ಹಂಚುವ ಗೇರಿನ ಡಬ್ಬಿ ಇದ್ದು, ಗೇರ್‌ಬಾಕ್ಸ್‌ನಿಂದ ಅದಕ್ಕೆ ಉದ್ದನೆಯ ಶಾಫ್ಟ್ ಬಂದಿದ್ದರೆ ಹಿಂದಿನ ಗಾಲಿಗಳಿಗೆ ಶಕ್ತಿ ಹೋಗುತ್ತಿದೆ ಎಂದರ್ಥ. ಮುಂದಕ್ಕೂ ಇನ್ನೊಂದು ಶಾಫ್ಟ್ ಹೋಗಿದ್ದರೆ ಮಾತ್ರ ಅದು ಫೋರ್ ಬೈ ಫೋರ್. ಬೊಲೆರೊ, ಬೊಲೆರೊ ನಿಯೊ, ಸ್ಕಾರ್ಪಿಯೊ ಕ್ಲಾಸಿಕ್, ಹಳೆ ಇನ್ನೋವಾ, ಇನ್ನೋವಾ ಕ್ರಿಸ್ಟಾ, ಕ್ವಾಲಿಸ್, ಸುಮೊ, ಈಕೊ, ಟೆಂಪೊ ಟ್ರಾವೆಲರ್ ಎಲ್ಲವೂ ಹಿಂದಿನ ಗಾಲಿಯವು. ಎರ್ಟಿಗಾ, ಇನ್ನೋವಾ ಹೈಕ್ರಾಸ್ ಮುಂದಿನ ಗಾಲಿಯವು. ಥಾರ್, ಸ್ಕಾರ್ಪಿಯೊ ಎನ್, ಫಾರ್ಚೂನರ್ ಹಿಂದಿನ ಎರಡೇ ಗಾಲಿಗೆ ಶಕ್ತಿ ಹೋಗುವ ಫೋರ್ ಬೈ ಟು, ನಾಲ್ಕಕ್ಕೂ ಹೋಗುವ ಫೋರ್ ಬೈ ಫೋರ್ ಎರಡೂ ಬಗೆಯಲ್ಲಿ ಬರುತ್ತವೆ. ಫೋರ್ ಬೈ ಟು ಫಾರ್ಚೂನರ್ ಎಷ್ಟೇ ಎತ್ತರ, ಎಷ್ಟೇ ಗತ್ತು ಇದ್ದರೂ ಹಿಮದ ಮೇಲೆ ಅದು ಬೊಲೆರೊದ ಸೋದರನೇ.

ಇದು ಯಾಕೆ ಮುಖ್ಯ? ತಳ್ಳುವ ಗಾಲಿಯ ಮೇಲೆ ಎಷ್ಟು ಭಾರ ಇದೆಯೋ ಅಷ್ಟೇ ಅದರ ಹಿಡಿತ. ಎಂಜಿನ್ ಮುಂದಿದೆ, ತಳ್ಳುವುದು ಹಿಂದೆ. ಖಾಲಿ ಗಾಡಿಯಲ್ಲಿ ಅರ್ಧ ಭಾರವಷ್ಟೇ ಹಿಂದಿನ ಗಾಲಿಗಳ ಮೇಲಿದೆ ಎಂದುಕೊಳ್ಳಿ. ತುಳಿದು ಗಟ್ಟಿಯಾದ ಹಿಮದ ಮೇಲೆ ಟೈರಿನ ಹಿಡಿತ ಒಣ ಡಾಂಬರಿನ ಕಾಲು ಭಾಗದಷ್ಟು, ಐಸ್ ಮೇಲೆ ಅದರಲ್ಲೂ ಅರ್ಧ. ಲೆಕ್ಕ ಹಾಕಿದರೆ ಆ ಹಿಮದ ಮೇಲೆ 100 ಮೀಟರಿಗೆ 10 ಮೀಟರ್ ಏರುವ ದಾರಿಯಲ್ಲೇ ಗಾಡಿ ಸೋಲುತ್ತದೆ. ಐಸ್ ಆದರೆ 5 ಮೀಟರ್ ಏರಿಗೇ. ಏಳು ಮಂದಿ ಕುಂತ ಇನ್ನೋವಾ ಹತ್ತಿದ ಏರನ್ನು ಗಂಡ ಹೆಂಡತಿ ಇಬ್ಬರೇ ಕುಂತ ಇನ್ನೋವಾ ಹತ್ತದೆ ನಿಲ್ಲುವುದು ಇದಕ್ಕೇ.

ಹಿಂದಿನ ಗಾಲಿಯ ಗಾಡಿಗೆ ಒಂದು ಒಳ್ಳೆಯ ಗುಣವೂ ಇದೆ. ಏರಿನಲ್ಲಿ ಭಾರ ಹಿಂದಕ್ಕೆ ವಾಲುವುದರಿಂದ ತಳ್ಳುವ ಗಾಲಿಗೆ ಕೊಂಚ ಬಲ ಬರುತ್ತದೆ. ಇಳಿಜಾರಿನಲ್ಲಿ ಅದೇ ಭಾರ ಮುಂದಕ್ಕೆ ಓಡಿ ಹಿಂಭಾಗ ಹಗುರವಾಗುತ್ತದೆ. ಹೀಗಾಗಿ ಹತ್ತಿಬಿಟ್ಟವನು ಗೆದ್ದೆ ಅಂದುಕೊಳ್ಳುತ್ತಾನೆ, ಫಜೀತಿ ಇರುವುದು ಇಳಿಯುವಾಗ.

ಊರು ಬಿಡುವ ಮುನ್ನ

ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ಎಂಜಿನ್ ತಣ್ಣಗಿದ್ದಾಗ. ಒಳಗೆ ಬಣ್ಣದ ಕೂಲಂಟ್ ಇದೆಯೋ ಬೋರ್‌ವೆಲ್ ನೀರಿದೆಯೋ? ನಮ್ಮ ಬಿಸಿಲಿಗೆ ನೀರು ಇಳಿದಾಗಲೆಲ್ಲ ಬಾಟಲಿ ನೀರು ಸುರಿದು ಓಡಿಸಿದ ಗಾಡಿಗಳೇ ಹೆಚ್ಚು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಮನಾಲಿಯಲ್ಲಿ ಒಂದೇ ರಾತ್ರಿಗೆ ರೇಡಿಯೇಟರ್ ಒಡೆಯಬಹುದು, ದುರದೃಷ್ಟ ಇದ್ದರೆ ಎಂಜಿನ್ ಬ್ಲಾಕೇ ಸೀಳಬಹುದು. ಹಳೆಯದನ್ನೆಲ್ಲ ಬಸಿದು, ಕೂಲಂಟನ್ನೂ ಡಿಸ್ಟಿಲ್ಡ್ ವಾಟರನ್ನೂ ಸಮಸಮ ಬೆರೆಸಿ ತುಂಬಿಸಿ. ಈ ಹದಕ್ಕೆ ಅದು ಮೈನಸ್ 35 ಡಿಗ್ರಿ ಹತ್ತಿರದವರೆಗೂ ಗಟ್ಟಿಯಾಗುವುದಿಲ್ಲ. ಬೆರೆಸಿಯೇ ಮಾರುವ ಕೂಲಂಟ್ ತಂದರೆ ಅದಕ್ಕೆ ಮತ್ತೆ ನೀರು ಸೇರಿಸಬೇಡಿ. ಗಾಜು ತೊಳೆಯುವ ನೀರಿನ ಡಬ್ಬಿಯೂ ಹೆಪ್ಪುಗಟ್ಟುತ್ತದೆ. ಚಂಡೀಗಢ ದಾಟುವ ಮುಂಚೆ ಅದನ್ನು ಖಾಲಿ ಮಾಡಿ, ಚಳಿಗೆಂದೇ ಮಾಡಿದ ದ್ರವ ಹಾಕಿ.

ಆಮೇಲೆ ಹೀಟರ್. ಬಳ್ಳಾರಿಯಲ್ಲಿ ಆ ನಾಬ್ ಕಡೆ ಕೈ ಹಾಕಿದವರು ಯಾರಿದ್ದಾರೆ? ಹಳೆ ಗಾಡಿಗಳಲ್ಲಿ ಹೀಟರ್ ಪೈಪ್ ಸೋರಿದರೆ ಮೆಕ್ಯಾನಿಕ್ ಅದನ್ನು ಕತ್ತರಿಸಿ, ಎರಡು ತುದಿ ಜೋಡಿಸಿ ಕಳಿಸಿರುತ್ತಾನೆ, ನಮಗೆ ಗೊತ್ತೂ ಇರುವುದಿಲ್ಲ. ಊರಲ್ಲೇ ಒಂದು ಸಲ ಹಚ್ಚಿ ನೋಡಿ. ಅದು ಮೈ ಬೆಚ್ಚಗಿಡಲು ಮಾತ್ರವಲ್ಲ; ಒಳಗಿನ ಉಸಿರಿಗೆ ಗಾಜು ಮುಸುಕಾದಾಗ ಬಿಸಿ ಗಾಳಿಯನ್ನೂ ಏಸಿಯನ್ನೂ ಒಟ್ಟಿಗೆ ಹಚ್ಚಿ ಗಾಜಿನತ್ತ ತಿರುಗಿಸಿದರೆ ಅರೆ ನಿಮಿಷದಲ್ಲಿ ದಾರಿ ಕಾಣುತ್ತದೆ.

ಬ್ಯಾಟರಿಗೆ ವಯಸ್ಸಾಗಿದ್ದರೆ ಬದಲಾಯಿಸಿ. ಸೊನ್ನೆ ಡಿಗ್ರಿಯಲ್ಲಿ ಅದರ ಶಕ್ತಿ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟಿಂಗ್ ಭಾರವೂ ಹೆಚ್ಚುತ್ತದೆ. ಡೀಸೆಲ್ ಗಾಡಿಗೆ ಚಳಿಯ ಇನ್ನೊಂದು ಕಾಟವೂ ಇದೆ. ಚಳಿಗೆ ಡೀಸೆಲ್ಲಿನ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟುತ್ತದೆ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದೇ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು ಇದೇ ಕಾರಣಕ್ಕೆ.

ಟೈರ್ ವಿಷಯದಲ್ಲಿ ಜಿಪುಣತನ ಬೇಡ. ಕಾನೂನಿಗೆ 1.6 ಮಿ.ಮೀ. ಬಟನ್ ಸಾಕು, ಹಿಮಕ್ಕೆ 4 ಮಿ.ಮೀ. ಆದರೂ ಬೇಕು. ಟೈರಿನ ಪಕ್ಕದಲ್ಲಿ ಎಂ ಪ್ಲಸ್ ಎಸ್ ಎಂದು ಬರೆದಿದ್ದರೆ ಕೆಸರಿಗೂ ಹಿಮಕ್ಕೂ ಆಗುತ್ತದೆ ಎಂದು ಕಂಪನಿ ಹೇಳುವ ಮಾತು ಅಷ್ಟೇ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇದ್ದರೆ ಮಾತ್ರ ಹಿಮದಲ್ಲಿ ಪರೀಕ್ಷೆಯಾದ ಟೈರ್. 7 ಡಿಗ್ರಿಗಿಂತ ಕೆಳಗೆ ನಮ್ಮ ಮಾಮೂಲಿ ಟೈರಿನ ರಬ್ಬರ್ ಬಿರುಸಾಗುತ್ತದೆ, ಚಳಿಗಾಲದ ಟೈರ್ ಮೆತ್ತಗೇ ಉಳಿಯುತ್ತದೆ. ಹೊಸ ಜೋಡಿ ಒಂದೇ ಇದ್ದರೆ ಹಿಂದಕ್ಕೆ ಹಾಕಿ. ಆದರೆ ಮುಂದೆ ನುಣ್ಣನೆಯ ಟೈರ್ ಇಟ್ಟುಕೊಂಡು ಘಾಟಿಗೆ ಹೋಗುವುದಾದರೆ, ಹೋಗದಿರುವುದೇ ವಾಸಿ. ತಿರುಗುವುದೂ ಬಹುಪಾಲು ನಿಲ್ಲುವುದೂ ಮುಂದಿನ ಗಾಲಿಯಿಂದಲೇ.

ಭಾರದ ಮಾತು. ಹಿಂದೆ ನೂರು ಕೆ.ಜಿ. ಹಾಕಿದರೆ ಗಾಡಿಯ ನಡತೆಯೇ ಬದಲಾಗುತ್ತದೆ. ನಾವು ಒಯ್ದದ್ದು 25 ಕೆ.ಜಿ.ಯ ಎರಡು ಚೀಲ ಗಂಗಾವತಿ ಸೋನಾ ಮಸೂರಿ ಮತ್ತು ಎರಡು ಚೀಲ ಒಣ ಮರಳು. ಅಕ್ಕಿ ದಾರಿಯುದ್ದಕ್ಕೂ ಬೇಯುತ್ತಾ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನಾಲಿ ಮುಟ್ಟುವಷ್ಟರಲ್ಲಿ ಒಂದು ಚೀಲ ಹೊಟ್ಟೆಗೆ ಹೋಗಿತ್ತು. ನೀವು ನಾಲ್ಕೂ ಮರಳಿನ ಚೀಲವೇ ಒಯ್ಯಿರಿ, ಗಾಲಿಯ ಕೆಳಗೆ ಚೆಲ್ಲಲೂ ಆಗುತ್ತದೆ. ಒಣಗಿರಲಿ, ಹಸಿ ಮರಳು ಚೀಲದಲ್ಲೇ ಕಲ್ಲಾಗುತ್ತದೆ. ಚೀಲ ಸರಿಯಾಗಿ ಹಿಂದಿನ ಹೌಸಿಂಗ್ ಮೇಲೆ ಬರಬೇಕು. ತೀರಾ ಹಿಂದಿನ ಬಾಗಿಲ ಬಳಿ ಇಟ್ಟರೆ ಮುಂಭಾಗ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಹಿಂಭಾಗ ಜಾರಿದಾಗ ಆ ಭಾರವೇ ಲೋಲಕದಂತೆ ಎಳೆಯುತ್ತದೆ. ಹಗ್ಗದಿಂದ ಬಿಗಿದು ಕಟ್ಟಿ. ಮೇಲಿನ ಕ್ಯಾರಿಯರ್ ಮೇಲೆ ಮಾತ್ರ ಭಾರ ಹೇರಬೇಡಿ.

ಇನ್ನುಳಿದ ಸಾಮಾನು ಭತ್ತದ ಹೊಲ ಇದ್ದವರ ಮನೆಯಲ್ಲೇ ಸಿಗುತ್ತದೆ: ಸಲಿಕೆ, ನಾಲ್ಕೈದು ಗೋಣಿಚೀಲ, ತಾಡಪತ್ರಿ, ಎಳೆಯುವ ಹಗ್ಗ. ಪ್ಲಾಸ್ಟಿಕ್ ಚೀಲ ಅಲ್ಲ, ಸೆಣಬಿನ ಗೋಣಿಯೇ ಬೇಕು. ಜೊತೆಗೆ ಬ್ಯಾಟರಿ ದೀಪ, ರಬ್ಬರ್ ಕೈಗವಸು, ಕಂಬಳಿ, ಹುರಿಗಡಲೆ, ನೀರು. ಚಪ್ಪಲಿ ಹಾಕಿಕೊಂಡು ಓಡಿಸುವ ಚಟ ಇದ್ದವರು ಶೂ ತೆಗೆದುಕೊಳ್ಳಿ, ಹತ್ತುವಾಗ ಅಡಿಯ ಹಿಮ ಕೊಡವಿ ಕೂರಿ. ಪೆಡಲ್ ಮೇಲೆ ಕಾಲು ಜಾರಿದರೆ ಟೈರ್ ಎಷ್ಟು ಒಳ್ಳೆಯದಿದ್ದೇನು?

ಚೈನ್ ಕಟ್ಟುವುದನ್ನು ಅಂಗಳದಲ್ಲೇ ಕಲಿಯಿರಿ

ಚೈನ್ ಎಂದರೆ ಹಿಮದಲ್ಲಿ ಹಿಡಿತಕ್ಕಾಗಿ ಟೈರಿನ ಸುತ್ತ ಕಟ್ಟುವ ಸರಪಳಿ. ಅದನ್ನು ಹಾಕಬೇಕಾದ್ದು ತಳ್ಳುವ ಗಾಲಿಗೆ. ಹಿಂದಿನ ಗಾಲಿಯ ಗಾಡಿಗೆ ಹಿಂದೆ, ಎರ್ಟಿಗಾದಂಥದ್ದಕ್ಕೆ ಮುಂದೆ. ಎದುರಿನ ಗಾಡಿ ನೋಡಿ ಅದರ ಹಾಗೇ ಮುಂದೆ ಕಟ್ಟಿಸಿಕೊಂಡು, ಹಿಂದಿನ ಗಾಲಿ ಬರೀ ಸುತ್ತುತ್ತಾ ನಿಂತ ಇನ್ನೋವಾವನ್ನು ನಾನೇ ಕಂಡಿದ್ದೇನೆ. ಟೈರಿನ ಅಳತೆ ಅದರ ಪಕ್ಕದಲ್ಲೇ ಬರೆದಿರುತ್ತದೆ, ಆ ಅಳತೆಯ ಚೈನನ್ನೇ ತನ್ನಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅದಕ್ಕೆ ಜಾಗ ಇದೆಯೇ, ಬ್ರೇಕ್ ಪೈಪಿಗೆ ತಗಲುತ್ತದೆಯೇ ಎಂದು ಊರಲ್ಲೇ ನೋಡಿ.

ಕಟ್ಟುವ ಬಗೆ: ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಮುಂದಿನ ಗಾಲಿಗೆ ಕಲ್ಲು ಕೊಡಿ, ತಾಡಪತ್ರಿ ಹಾಸಿ. ಸಿಕ್ಕು ಬಿಡಿಸಿದ ಚೈನನ್ನು ಗಾಲಿಯ ಮೇಲೆ ಹೊದಿಸಿ, ಮೊದಲು ಒಳಬದಿಯ ಕೊಂಡಿ, ಆಮೇಲೆ ಹೊರಬದಿಯದು. ಕೆಳಗೆ ಸಿಕ್ಕದೆ ಉಳಿದ ಭಾಗಕ್ಕೆ ಗಾಡಿಯನ್ನು ಒಂದು ಮೊಳ ಸರಿಸಿ. ನೂರು ಮೀಟರ್ ಹೋಗಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿಯನ್ನು ಬಿಟ್ಟವರ ಚೈನೇ ಅರ್ಧ ದಾರಿಯಲ್ಲಿ ಬಿಚ್ಚಿ ಬ್ರೇಕ್ ಪೈಪ್ ಹರಿಯುವುದು. ಅಂಗಳದ ಬಿಸಿಲಲ್ಲಿ ನಾಲ್ಕು ಸಲ ಕಟ್ಟಿ ಬಿಚ್ಚಿದರೆ ಹತ್ತು ನಿಮಿಷದ ಕೆಲಸ. ಮರಗಟ್ಟಿದ ಬೆರಳಲ್ಲಿ, ಹಿಂದೆ ಹಾರನ್ ಹೊಡೆಯುವವರ ನಡುವೆ ಕಲಿಯಲು ಕುಂತರೆ ಒಂದು ತಾಸೂ ಸಾಲದು.

ಚೈನ್ ಹಾಕಿದ ಮೇಲೆ ಗಂಟೆಗೆ 30 ಕಿ.ಮೀ. ದಾಟಬೇಡಿ. ಹಿಮವಿಲ್ಲದ ರಸ್ತೆ ಬಂದ ಕೂಡಲೇ ಬದಿಗೆ ನಿಲ್ಲಿಸಿ ಬಿಚ್ಚಿ. ಇನ್ನೊಂದು ಮಾತನ್ನು ಬಾಡಿಗೆಗೆ ಚೈನ್ ಕೊಡುವವರು ಹೇಳುವುದಿಲ್ಲ: ಹಿಂದೆ ಮಾತ್ರ ಚೈನ್ ಇದ್ದರೆ ಗಾಡಿ ಹತ್ತುತ್ತದೆ, ಆದರೆ ತಿರುಗುವ ಮುಂದಿನ ಗಾಲಿಗಳು ಹಾಗೇ ಬರಿಗಾಲಲ್ಲಿವೆ. ಕಡಿದಾದ ಇಳಿಜಾರು ಇದ್ದರೆ ನಾಲ್ಕಕ್ಕೂ ಹಾಕಿ.

ಹೊರಡುವುದು, ಹತ್ತುವುದು

ನಾನು ಹದಿನೈದರ ಹುಡುಗನಾಗಿದ್ದಾಗ ಎರೆಯಲ್ಲಿ ಜೀಪು ಕಲಿಸಿದ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಕೂಸಿನ ತೊಟ್ಲ ತೂಗಿದಂಗ ಕ್ಲಚ್ ಬಿಡಲೇ." ಹಿಮಕ್ಕೆ ಒಯ್ಯಬೇಕಾದ ಮೊದಲ ಪಾಠ ಅದೇ. ಗಾಲಿ ನೆಟ್ಟಗೆ ಇಟ್ಟು, ಎರಡನೇ ಗೇರಿನಲ್ಲಿ, ರೇಸ್ ಹೆಚ್ಚುಕಡಿಮೆ ಮುಟ್ಟದೆ ಹೊರಡಿ. ಒಂದನೇ ಗೇರಿನ ಜೋರು ಐಸ್ ಮೇಲೆ ಬೇಡ. ಕ್ರಿಸ್ಟಾ ಇದ್ದವರು ಪವರ್ ಮೋಡ್ ಕಡೆ ಕೈ ಹಾಕದೆ ಇಕೋದಲ್ಲೇ ಇರಿ. ಗಾಲಿ ಸುತ್ತಲು ಶುರುವಾದರೆ ರೇಸ್ ಹೆಚ್ಚಿಸುವುದಲ್ಲ, ಇಳಿಸುವುದು. ಬಲಗಾಲಿಗೆ ಈ ಬುದ್ಧಿ ಬರಲು ನನಗೆ ಎರಡು ದಿನ ಹಿಡಿಯಿತು.

ಏರಿನ ಬುಡದಲ್ಲಿ ನಿಂತು ಮೇಲೆ ನೋಡಿ. ಮುಂದಿನ ಗಾಡಿ ಪೂರ್ತಿ ಹತ್ತಿ ಮರೆಯಾಗುವವರೆಗೆ ಕಾಯಿರಿ. ಅದರ ಬಾಲಕ್ಕೆ ಅಂಟಿಕೊಂಡು ಹೊರಟರೆ, ಅದು ನಿಂತಾಗ ನೀವೂ ನಡು ಏರಿನಲ್ಲಿ ನಿಲ್ಲುತ್ತೀರಿ, ನಿಂತ ಮೇಲೆ ಹೊರಡಲಾರಿರಿ. ಬುಡದಲ್ಲೇ ಬೇಕಾದಷ್ಟು ವೇಗ ಪಡೆದು, ಆ ಓಟವನ್ನೇ ಮೇಲಿನವರೆಗೆ ಕಾಪಾಡಿಕೊಳ್ಳಿ. ನಡುವೆ ಗೇರ್ ಬದಲಿಸಬೇಡಿ. ಗಾಡಿಗಳು ಓಡಾಡಿ ಹೊಳೆಯುವ ಜಾಡಿಗಿಂತ ಪಕ್ಕದ ಮುಟ್ಟದ ಹಿಮವೇ ಹೆಚ್ಚು ಹಿಡಿಯುತ್ತದೆ, ಕಣಿವೆಯ ಅಂಚಿಗೆ ಹೋಗದಂತೆ ನೋಡಿಕೊಂಡರೆ ಆಯಿತು. ಸೋತರೆ ಹಟ ಬೇಡ. ರಿವರ್ಸ್ ಹಾಕಿ, ಗಾಲಿ ನೆಟ್ಟಗಿಟ್ಟು, ಎಂಜಿನ್ ಹಿಡಿತದಲ್ಲೇ ಬುಡಕ್ಕೆ ಬಂದು ಚೈನ್ ಹಾಕಿ. ಎದುರು ಗಾಡಿ ಬಂದರೆ ಹತ್ತುವವನಿಗೆ ದಾರಿ ಬಿಡುವುದು ಬೆಟ್ಟದ ಕಾನೂನು. ಆದರೂ ಇಳಿಯುತ್ತಿರುವವನಿಗೆ ನಿಲ್ಲಲು ಆಗುತ್ತಿಲ್ಲ ಎಂದು ಕಂಡರೆ ಕಾನೂನು ಹಿಡಿದು ಕೂರಬೇಡಿ, ಸರಿದುಕೊಳ್ಳಿ.

ನೆರಳಿನ ತಿರುವು, ಸೇತುವೆ, ರಸ್ತೆಗೆ ಅಡ್ಡ ಹರಿದ ಝರಿ: ಈ ಮೂರು ಕಡೆ ಡಾಂಬರು ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿದ್ದರೆ ಅದು ನೀರಲ್ಲ, ತೆಳು ಐಸ್ ಎಂದೇ ತಿಳಿಯಿರಿ. ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಇದರ ಕಾಟ. ವಿಚಿತ್ರ ಏನೆಂದರೆ ಕಡು ಚಳಿಯ ಐಸಿಗಿಂತ ಸೊನ್ನೆ ಡಿಗ್ರಿ ಆಸುಪಾಸಿನ ಐಸ್ ಹೆಚ್ಚು ಜಾರುತ್ತದೆ, ಅದರ ಮೇಲೆ ನೀರಿನ ಪೊರೆ ಇರುತ್ತದಲ್ಲ.

ಅಟಲ್ ಸುರಂಗದ ಒಂದು ಮೋಸವೂ ಗೊತ್ತಿರಲಿ. 2020ರ ಅಕ್ಟೋಬರ್ 3ರಂದು ತೆರೆದ ಈ 9.02 ಕಿ.ಮೀ. ಸುರಂಗ 3,000 ಮೀಟರಿಗೂ ಎತ್ತರದಲ್ಲಿ ರೋಹ್ತಾಂಗ್ ಪಾಸ್ ಕೆಳಗೆ ಬೆಟ್ಟವನ್ನು ಸೀಳಿ ಹೋಗುತ್ತದೆ. ಮನಾಲಿ ಕಡೆ ಬಿಸಿಲಿದ್ದಾಗ ಒಳಹೊಕ್ಕು, ಸಿಸ್ಸು ಕಡೆ ಹೊರಬಂದರೆ ರಸ್ತೆಯೇ ಕಾಣದಂತೆ ಹಿಮ ಸುರಿಯುತ್ತಿರಬಹುದು. ಒಳಗಿನ ಒಣ ರಸ್ತೆಯ ವೇಗವನ್ನು ಬಾಯಿಗೆ ಬರುವ ಮುಂಚೆಯೇ ಇಳಿಸಿಕೊಳ್ಳಿ.

ಇಳಿಯುವುದು

ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಣ ಡಾಂಬರಿನ ಮೇಲೆ ಬ್ರೇಕ್ ಒತ್ತಿದರೆ ಸುಮಾರು 9 ಮೀಟರಿಗೆ ನಿಲ್ಲುತ್ತೇವೆ. ಗಟ್ಟಿ ಹಿಮದ ಮೇಲೆ 30 ಮೀಟರ್ ದಾಟುತ್ತದೆ, ಐಸ್ ಮೇಲೆ 60. ಇದು ಸಮತಟ್ಟಿನ ಲೆಕ್ಕ. 100 ಮೀಟರಿಗೆ 8 ಮೀಟರ್ ಇಳಿಯುವ ದಾರಿಯಾದರೆ ಹಿಮದ ಮೇಲೆ 50 ಮೀಟರ್ ಬೇಕು. ಐಸ್ ಮೇಲೆ ನಿಲ್ಲಲು ಉಳಿಯುವ ಹಿಡಿತ ಸೊನ್ನೆಗೆ ಹತ್ತಿರ. ಇಳಿಜಾರು 10 ಮೀಟರ್ ಆದರೆ ನಿಂತ ಗಾಡಿಯೂ ತಾನಾಗಿ ಜಾರುತ್ತದೆ. ಬ್ರೇಕ್ ಒತ್ತಿದಾಗ ಗಾಲಿ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಇದ್ದರೂ, ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಆದ್ದರಿಂದ ಇಳಿಜಾರಿನ ಕೆಲಸವೆಲ್ಲ ಇಳಿಜಾರಿಗೆ ಮುಂಚೆಯೇ ಮುಗಿಯಬೇಕು.

ಮೇಲೆ ಸಮತಟ್ಟು ಇರುವಲ್ಲೇ ನಡೆಯುವ ವೇಗಕ್ಕೆ ಇಳಿಸಿ, ಒಂದನೇ ಅಥವಾ ಎರಡನೇ ಗೇರ್ ಹಾಕಿ, ಕ್ಲಚ್‌ನಿಂದ ಕಾಲು ಪೂರ್ತಿ ತೆಗೆದು, ಎಂಜಿನ್ ಹಿಡಿತದಲ್ಲೇ ಬಿಡಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ಬುದ್ಧಿ ಇಲ್ಲಿ ಬೇಡವೇ ಬೇಡ. ಆಟೊಮ್ಯಾಟಿಕ್ ಇದ್ದವರು ಗೇರನ್ನು ಕೈಯಿಂದ ಇಳಿಸಿ ಹಿಡಿಯಿರಿ. ಬ್ರೇಕ್ ಬೇಕಾದರೆ ನೆಟ್ಟನೆಯ ದಾರಿಯಲ್ಲಿ, ಬೆರಳಲ್ಲಿ ಒತ್ತಿದಷ್ಟು ಮೆಲ್ಲಗೆ. ತಿರುವಿನೊಳಗೆ ಬ್ರೇಕೂ ಇಲ್ಲ, ಗೇರೂ ಇಲ್ಲ, ರೇಸೂ ಇಲ್ಲ.

ನನ್ನ ಎಡವಟ್ಟು ಇಲ್ಲೇ ಆದದ್ದು. ಎರಡು ವರ್ಷದ ಹಿಂದಿನ ಜನವರಿ, ಸುರಂಗದಿಂದ ಸೋಲಂಗ್ ಕಡೆಗೆ ಇಳಿಯುತ್ತಿದ್ದೆವು. ಹೋಗುವಾಗ ಬಿಸಿಲು, ಬರುವಾಗ ಮಧ್ಯಾಹ್ನದಿಂದ ಹಿಮ. ಮೂರನೇ ಗೇರಿನಲ್ಲಿ ಗಾಡಿ ಕೊಂಚ ಓಟ ಹಿಡಿಯಿತು. ಪಕ್ಕದಲ್ಲಿದ್ದ ಭಾವ "ಬ್ರೇಕ್ ಹಿಡಿಯೋ, ಬ್ರೇಕ್" ಎಂದು ಒಂದೇ ಸಮನೆ. ಬ್ರೇಕ್ ಹಿಡಿಯಬಾರದು ಎಂದು ಗೊತ್ತಿತ್ತು. ಸಂಡೂರು ಘಾಟಿನಲ್ಲಿ ಅದಿರು ಲಾರಿ ಇಳಿಸುವವರ ಹಾಗೆ ಎಂಜಿನ್ ಮೇಲೆ ನಿಲ್ಲಿಸೋಣ ಎಂದು ಮೂರರಿಂದ ನೇರ ಒಂದಕ್ಕೆ ಹಾಕಿ ಕ್ಲಚ್ ಬಿಟ್ಟೆ. ಎಂಜಿನ್ ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ ಎಂಬುದನ್ನು ಆ ಗಳಿಗೆಯಲ್ಲಿ ಮರೆತಿದ್ದೆ. ಓಡುತ್ತಿದ್ದ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಹಾಗೇ ಆಯಿತು. ಹಿಂಭಾಗ ಹೊರಳಿ, ಗಾಡಿ ಅಡ್ಡವಾಗಿ, ಬೆಟ್ಟದ ಬದಿ ರಾಶಿ ಹಾಕಿದ್ದ ಹಿಮದ ಗೋಡೆಗೆ ಗುದ್ದಿ ನಿಂತಿತು. ಕಣಿವೆಯ ಬದಿಗೆ ಹೊರಳಿದ್ದರೆ ಈ ಬರಹ ಇರುತ್ತಿರಲಿಲ್ಲ. ಭಾವ ಆಮೇಲೆ ಮಂಡಿ ಊರು ಮುಟ್ಟುವವರೆಗೆ ಮಾತಾಡಲಿಲ್ಲ.

ಮುಂದಿನ ಗಾಲಿಯ ಗಾಡಿಯಲ್ಲಿ ಇದೇ ತಪ್ಪು ಮಾಡಿದರೆ ಮೂತಿ ನೆಟ್ಟಗೆ ಜಾರುತ್ತದೆ. ನಮ್ಮದರಲ್ಲಿ ಬಾಲ ತಿರುಗುತ್ತದೆ. ಓಟದಲ್ಲೇ ಗೇರ್ ಇಳಿಸಲೇಬೇಕಾದರೆ ಒಂದೊಂದೇ ಇಳಿಸಿ. ಕ್ಲಚ್ ಬಿಡುವ ಮುನ್ನ ಚೂರು ರೇಸ್ ಕೊಟ್ಟು, ಎಂಜಿನ್ ಸದ್ದು ಗಾಲಿಯ ಓಟಕ್ಕೆ ಹೊಂದಿದ ಮೇಲೆ ತೊಟ್ಟಿಲು ತೂಗಿದ ಹಾಗೆ ಬಿಡಿ. ಎರಡು ಗಾಡಿಗಳ ನಡುವೆ ಊರಲ್ಲಿ ಬಿಡುವುದರ ಐದು ಪಟ್ಟು ಅಂತರ ಇರಲಿ; ಆ ಸಂದಿಯಲ್ಲಿ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ, ಆಗ ಮತ್ತೆ ಹಿಂದೆ ಬೀಳಿ.

ಹಿಂಭಾಗ ಜಾರಿದಾಗ

ಕ್ಲಚ್ ಒತ್ತಿ, ರೇಸ್ ಬಿಡಿ, ಬ್ರೇಕ್ ಮುಟ್ಟಬೇಡಿ. ಹಿಂಭಾಗ ಎಡಕ್ಕೆ ಜಾರಿದರೆ ಸ್ಟೇರಿಂಗ್ ಎಡಕ್ಕೆ, ಬಲಕ್ಕೆ ಜಾರಿದರೆ ಬಲಕ್ಕೆ. ಕಣ್ಣು ಮಾತ್ರ ಕಣಿವೆಯ ಕಡೆ ಹೋಗದೆ, ಗಾಡಿ ಹೋಗಬೇಕಾದ ದಾರಿಯ ಮೇಲೇ ಇರಬೇಕು. ಕೈ ಕಣ್ಣಿನ ಹಿಂದೆಯೇ ಹೋಗುತ್ತದೆ. ಬಾಲ ಮರಳಲು ಶುರುವಾದ ಕೂಡಲೇ, ಪೂರ್ತಿ ನೆಟ್ಟಗಾಗುವುದಕ್ಕೆ ಮುಂಚೆಯೇ, ಸ್ಟೇರಿಂಗನ್ನು ನೇರಕ್ಕೆ ತರುತ್ತಾ ಬನ್ನಿ. ತಡ ಮಾಡಿದರೆ ಬಾಲ ಇನ್ನೊಂದು ಬದಿಗೆ ಮೊದಲಿಗಿಂತ ಜೋರಾಗಿ ಬೀಸುತ್ತದೆ. ನಾನು ಕಂಡಂತೆ ಗುದ್ದಿಕೊಂಡವರಲ್ಲಿ ಹೆಚ್ಚಿನವರು ಮೊದಲ ಬೀಸಿಗಲ್ಲ, ಈ ಎರಡನೆಯದಕ್ಕೆ.

ಮೂತಿ ಜಾರುವುದು ಬೇರೆ ಬಗೆ: ಗಾಲಿ ತಿರುಗಿಸಿದ್ದೀರಿ, ಗಾಡಿ ಮಾತ್ರ ನೆಟ್ಟಗೆ ಹೋಗುತ್ತಿದೆ. ಆಗ ಇನ್ನಷ್ಟು ತಿರುಗಿಸುವುದಲ್ಲ, ತಿರುಗಿಸಿದ್ದನ್ನು ಕೊಂಚ ಸಡಿಲಿಸಿ, ಗಾಲಿಗೆ ಹಿಡಿತ ಸಿಕ್ಕ ಮೇಲೆ ಮತ್ತೆ ಮೆಲ್ಲಗೆ ತಿರುಗಿಸಿ. ಹಠಾತ್ತನೆ ನಿಲ್ಲಿಸಲೇಬೇಕಾಗಿ ಬಂದರೆ, ಎಬಿಎಸ್ ಇದ್ದ ಗಾಡಿಯಲ್ಲಿ ಬ್ರೇಕ್ ಒತ್ತಿ ಹಿಡಿದೇ ಇರಿ. ಕಾಲಡಿಯ ಗುಡುಗುಡು ಅದರ ಕೆಲಸದ ಸದ್ದು. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಯಲ್ಲಿ ಎಬಿಎಸ್ ಇಲ್ಲದಿರಬಹುದು. ಅದರಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಕು.

ಇದನ್ನೆಲ್ಲ ಓದಿ ಕಲಿಯಲಾಗದು. ಹಿಂಗಾರು ಮಳೆ ಬಿದ್ದಾಗ ಗಿಡ, ಕಲ್ಲು, ಕಾಲುವೆ ಯಾವುದೂ ಇಲ್ಲದ ಎರೆಯ ಬಯಲಿನಲ್ಲಿ 15 ಕಿ.ಮೀ. ವೇಗದಲ್ಲಿ ಬಾಲ ಜಾರಿಸಿ, ಹಿಡಿದು, ಮತ್ತೆ ಜಾರಿಸಿ ನೋಡಿ. ಅರ್ಧ ದಿನ ಸಾಕು. ಇಂಥ ಪುಕ್ಕಟೆ ಶಾಲೆ ದೆಹಲಿಯವರಿಗೆಲ್ಲಿ ಸಿಗಬೇಕು!

ಸಿಕ್ಕಿಕೊಂಡರೆ

ಗಾಲಿ ಒಂದು ಸುತ್ತು ಬರಿದೇ ತಿರುಗಿದ ತಕ್ಷಣ ನಿಲ್ಲಿಸಿ ಇಳಿಯಿರಿ. ಮೊದಲ ಸಲಿಕೆ ಸೈಲೆನ್ಸರ್ ಬಾಯಿಗೆ. ಅದು ಹಿಮದಿಂದ ಮುಚ್ಚಿದ್ದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಒಳಗೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮಕ್ಕೆ ಸಿಕ್ಕ ಗಾಡಿಗಳೊಳಗೆ 20ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಕೆಲವರನ್ನು ಕೊಂದದ್ದು ಈ ಹೊಗೆಯೇ.

ಆಮೇಲೆ ಹಿಂದಿನ ಎರಡೂ ಗಾಲಿಗಳ ಮುಂದೆ ಹಿಂದೆ ಒಂದು ಮಾರು ಹಿಮ ಬಾಚಿ, ಮರಳು ಚೆಲ್ಲಿ, ಗೋಣಿಚೀಲವನ್ನು ಟೈರಿನಡಿಗೆ ತುರುಕಿ. ಇಬ್ಬರನ್ನು ಹಿಂದೆ ಕೂರಿಸಿ. ಗಾಲಿ ಬರಿದೇ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್‌ನ ಗುಂಡಿ ಇದ್ದರೆ ಈ ಹೊತ್ತಿಗೆ ಮಾತ್ರ ಆಫ್ ಮಾಡಿ, ಇಲ್ಲವಾದರೆ ಅದು ಎಂಜಿನ್ನನ್ನೇ ಅದುಮುತ್ತದೆ. ಎರಡನೇ ಗೇರಿನಲ್ಲಿ ಚೂರು ಮುಂದೆ, ರಿವರ್ಸ್‌ನಲ್ಲಿ ಚೂರು ಹಿಂದೆ, ಉಯ್ಯಾಲೆಯ ಹಾಗೆ ತೂಗಿ ಎಬ್ಬಿಸಿ. ಒಂದೇ ಗಾಲಿ ಸುತ್ತಿ ಇನ್ನೊಂದು ಸುಮ್ಮನಿದ್ದರೆ ನಮ್ಮ ರಾಡಿಯ ಹಳೆ ಉಪಾಯ ಇಲ್ಲೂ ನಡೆಯುತ್ತದೆ: ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲಷ್ಟೇ ಎಳೆದು ಮೆಲ್ಲಗೆ ಕ್ಲಚ್ ಬಿಡಿ. ಸುತ್ತುವ ಗಾಲಿಗೆ ಬ್ರೇಕ್ ತಾಗಿದಾಗ ಕ್ರೌನ್ ಆ ಶಕ್ತಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಹ್ಯಾಂಡ್‌ಬ್ರೇಕ್ ಹಿಂದಿನ ಗಾಲಿಗೇ ಇರುವುದರಿಂದ ಇದು ನಮ್ಮಂಥ ಗಾಡಿಗಳಿಗೆ ಒದಗಿದ ಭಾಗ್ಯ. ತಳ್ಳುವವರು ಇಳಿಜಾರಿನ ಕೆಳಬದಿಯಲ್ಲಿ ನಿಲ್ಲದಿರಲಿ.

ಏನೂ ಆಗದಿದ್ದರೆ ಗಾಡಿ ಬಿಟ್ಟು ನಡೆಯಲು ಹೊರಡಬೇಡಿ. ಒಳಗೇ ಇರಿ, ತಾಸಿಗೆ ಹತ್ತು ನಿಮಿಷ ಎಂಜಿನ್ ಹಚ್ಚಿ, ಪ್ರತಿ ಸಲ ಸೈಲೆನ್ಸರ್ ನೋಡಿ, ಒಂದು ಗಾಜನ್ನು ಎರಡು ಬೆರಳಷ್ಟು ಇಳಿಸಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಮೊದಲೇ ಬಿಟ್ಟಿರಬಾರದು.

ಪೊಲೀಸರು ಕೈ ಅಡ್ಡ ಹಿಡಿದರೆ

ಹಿಮ ಬಿದ್ದಾಗ ನೆಹರೂ ಕುಂಡ್ ಅಥವಾ ಸೋಲಂಗ್ ಹತ್ತಿರ ಪೊಲೀಸರು ಫೋರ್ ಬೈ ಫೋರ್ ಅಲ್ಲದ ಗಾಡಿಗಳನ್ನು ಹಿಂದಕ್ಕೆ ಕಳಿಸುತ್ತಾರೆ. ಕಾಶ್ಮೀರದಲ್ಲಿ ಗುಲ್ಮಾರ್ಗ್‌ಗೆ ಹತ್ತುವ ಮುನ್ನ ತಂಗ್‌ಮಾರ್ಗ್‌ನಲ್ಲಿ ಚೈನ್ ಕೇಳುತ್ತಾರೆ. "ಬಳ್ಳಾರಿಯಿಂದ ಬಂದಿದ್ದೇವೆ ಸಾರ್" ಎಂದು ಗೋಗರೆದು ಸಂದಿಯಲ್ಲಿ ನುಸುಳಿದವರನ್ನು ಕಂಡಿದ್ದೇನೆ. ನೀವು ಹಾಗೆ ಮಾಡದೆ, ಅಲ್ಲಿಂದಾಚೆ ಸ್ಥಳೀಯರ ಫೋರ್ ಬೈ ಫೋರ್ ಬಾಡಿಗೆಗೆ ಹಿಡಿಯಿರಿ. ಎರಡನೇ ದಿನ ನಾವೂ ಬಾಡಿಗೆ ಗಾಡಿಯಲ್ಲೇ ಹೋದೆವು. ಅದರ ಡ್ರೈವರ್ ಎರಡನೇ ಗೇರಿನಲ್ಲಿ ಇಳಿಸಿದ ರೀತಿಯನ್ನು ಪಕ್ಕದಲ್ಲಿ ಕುಂತು ನೋಡಿ ಕಲಿತದ್ದೇ ಬಾಡಿಗೆಗಿಂತ ಹೆಚ್ಚಾಯಿತು.

ರಾತ್ರಿ ನಿಲ್ಲಿಸುವಾಗ

ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಒದ್ದೆಯಾದ ಬ್ರೇಕ್ ಶೂ ರಾತ್ರಿ ಡ್ರಮ್ಮಿಗೆ ಹೆಪ್ಪುಗಟ್ಟಿ ಅಂಟಿಕೊಂಡರೆ ಬೆಳಿಗ್ಗೆ ಹಿಂದಿನ ಗಾಲಿ ಅಲುಗದು. ಮೂತಿ ಏರಿಗಿದ್ದರೆ ಒಂದನೇ ಗೇರ್, ಇಳಿಜಾರಿಗಿದ್ದರೆ ರಿವರ್ಸ್. ಜೊತೆಗೆ ಗಾಲಿಗೆ ಕಲ್ಲು. ವೈಪರ್ ಎತ್ತಿ ನಿಲ್ಲಿಸಿ, ಮುಂದಿನ ಗಾಜಿಗೆ ಗೋಣಿಚೀಲ ಹೊದಿಸಿ. ಹೋಟೆಲಿನ ತಗಡಿನ ಮಾಡಿನಡಿ ನಿಲ್ಲಿಸಿದರೆ ಮೇಲಿನ ಹಿಮದ ರಾಶಿ ಬಾನೆಟ್ ಮೇಲೇ ಬೀಳುತ್ತದೆ. ಬೆಳಿಗ್ಗೆ ಗಾಜಿಗೆ ಬಿಸಿ ನೀರು ಸುರಿಯುವ ಉತ್ಸಾಹಿಗಳು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಅವರ ಕೈಯಿಂದ ಬಕೆಟ್ ಕಸಿದುಕೊಳ್ಳಿ. ಗಾಜು ಪಟ್ಟೆಂದು ಸೀಳುತ್ತದೆ.

ಊರಿಗೆ ಬಂದ ಮೇಲೆ ಚೈನನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಹಳೆ ಎಂಜಿನ್ ಆಯಿಲ್ ಸವರಿ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿ. ಕೂಲಂಟನ್ನು ಬಸಿಯಬೇಡಿ, ಅದು ನಮ್ಮ ಬೇಸಿಗೆಗೂ ಒಳ್ಳೆಯದೇ. ಮಟ್ಟ ಇಳಿದಾಗ ಮತ್ತೆ ಬೋರ್‌ವೆಲ್ ನೀರು ಸುರಿಯದಿದ್ದರೆ ಸಾಕು. ಮಿಕ್ಕ ಮರಳಿನ ಚೀಲಗಳನ್ನು ಹಿಂದೆಯೇ ಬಿಟ್ಟಿದ್ದೇನೆ. ಜೂನ್ ತಿಂಗಳ ಮೊದಲ ಮಳೆಗೆ ಹೊಲದ ದಾರಿಯಲ್ಲಿ ಬೇಕಾಗುತ್ತವೆ.